ಆ ಅರವತ್ತು ಸುತ್ತು ಎಲ್ಲಿ ಹೋಯ್ತು?

ಮಾನ್ಯ ಸಂಪಾದಕರೇ,

ನಾನು ಹಾಸನದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವವನು. ಪಂಪ್‌ಸೆಟ್, ಮಿಲ್ಲಿನ ಮೋಟಾರು, ಕಾಫಿ ಸೀಸನ್ ಬಂತೆಂದರೆ ಆಲೂರು, ಸಕಲೇಶಪುರ ಕಡೆಯಿಂದ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೋಟಾರು, ಇವೇ ನನ್ನ ದಿನದ ಕೆಲಸ. ಪತ್ರಿಕೆಗೆ ಬರೆದು ಅಭ್ಯಾಸ ಇಲ್ಲ. ಆದರೆ ಹೋದ ತಿಂಗಳು ಅಂಗಡಿಯಲ್ಲಿ ನಡೆದ ಒಂದು ವಿಷಯ ತಲೆಯಿಂದ ಹೋಗುತ್ತಲೇ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹತ್ತಿರದ ಸರ್ಕಾರಿ ಶಾಲೆಯ ಗಣಿತದ ಮೇಷ್ಟ್ರು ಒಂದು ಶನಿವಾರ ಬೆಳಿಗ್ಗೆ ಎಂಟನೇ ತರಗತಿಯ ಹದಿನೆಂಟು ಮಕ್ಕಳನ್ನು ಕರೆದುಕೊಂಡು ಬಂದರು. ತಿಂಗಳ ಮೂರನೇ ಶನಿವಾರ ಮಕ್ಕಳು ಬ್ಯಾಗ್ ತರುವ ಹಾಗಿಲ್ಲ, ಸಂಭ್ರಮ ಶನಿವಾರ ಅಂತ ಇದೆ ಅಲ್ವಾ, ಅದು. "ಭಾಷಣ ಬೇಡ, ನೀವು ದಿನಾ ಏನು ಮಾಡ್ತೀರೋ ಅದನ್ನೇ ತೋರಿಸಿ" ಎಂದರು.

ಅವತ್ತು ಬೆಂಚಿನ ಮೇಲೆ ರಾಗಿ ಮಿಲ್ಲಿನ ಹತ್ತು ಎಚ್‌ಪಿ ಮೋಟಾರು ಬಿಚ್ಚಿಟ್ಟಿತ್ತು. ಸುಟ್ಟ ವಾಸನೆಗೆ ಮಕ್ಕಳು ಮೂಗು ಮುಚ್ಚಿಕೊಂಡರು. ಒಳಗೆ ಕೆಲವು ಕಾಯಿಲ್, ಅಂದರೆ ತಂತಿಯ ಸುರುಳಿಗಳು, ಕರಕಲಾಗಿದ್ದವು, ಅವುಗಳ ಪಕ್ಕದವು ಮಾತ್ರ ಹೊಸ ತಾಮ್ರದ ಹಾಗೆ ಕೆಂಪಗೆ ಹೊಳೆಯುತ್ತಿದ್ದವು. ಯಾಕಿರಬಹುದು ಎಂದು ಕೇಳಿದೆ. ಎಲ್ಲರೂ ಸುಮ್ಮನಿದ್ದರು. ಆಮೇಲೆ ಹಿಂದಿನಿಂದ ಒಬ್ಬ ಹುಡುಗ "ಅಲ್ಲಿ ಮಾತ್ರ ಕರೆಂಟ್ ಜಾಸ್ತಿ ಹೋಗಿರಬೇಕು" ಎಂದ. ಸರಿಯಾಗೇ ಹೇಳಿದ. ಮೂರು ಫೇಸಿನಲ್ಲಿ ಒಂದು ಹೋಗಿದ್ದರೂ ಮೋಟಾರು ಓಡುತ್ತಲೇ ಇತ್ತು, ಹೊರೆಯೆಲ್ಲಾ ಆ ಕಾಯಿಲ್‌ಗಳ ಮೇಲೆ ಬಿದ್ದು ಸುಟ್ಟಿವೆ. ನಮ್ಮ ಹಳ್ಳಿಗಳಲ್ಲಿ ಮೋಟಾರು ಸುಡುವುದು ಬಹಳ ಸಲ ಹೀಗೇ.

ಆಮೇಲೆ ತಂತಿ ಕೂರುವ ಸಂದು, ಅಂದರೆ ಸ್ಲಾಟ್, ಎಷ್ಟಿವೆ ಎಣಿಸಿ ಎಂದೆ. ಒಬ್ಬಳು ಹುಡುಗಿ ಚಾಕ್‌ಪೀಸಿನಲ್ಲಿ ಒಂದನೇ ಸ್ಲಾಟಿಗೆ ಗುರುತು ಹಾಕಿ ಬೆರಳಿಟ್ಟು ಎಣಿಸಿದಳು. 36. ಪೂರ್ತಿ ಸುತ್ತು 360 ಡಿಗ್ರಿ, ಹಾಗಾದರೆ ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ಹತ್ತು ಡಿಗ್ರಿ. ಇದು ನಾಲ್ಕು ಪೋಲಿನ, ಅಂದರೆ ನಾಲ್ಕು ಅಯಸ್ಕಾಂತ ಧ್ರುವಗಳ ಮೋಟಾರು, ಮೂರು ಫೇಸು, ನಾಲ್ಕು ಮೂರಲ ಹನ್ನೆರಡು, ಮೂವತ್ತಾರನ್ನು ಹನ್ನೆರಡರಿಂದ ಭಾಗಿಸಿದರೆ ಒಂದು ಪೋಲಿನಲ್ಲಿ ಒಂದು ಫೇಸಿಗೆ ಮೂರು ಸ್ಲಾಟು. ಇಷ್ಟನ್ನೂ ಮಕ್ಕಳೇ ಹೇಳಿದರು. ಸ್ಪೀಡ್ ಎಷ್ಟು ಎಂಬ ಲೆಕ್ಕವನ್ನು ನಾನು ಕೊಟ್ಟೆ: ನಮ್ಮ ಕರೆಂಟು ಸೆಕೆಂಡಿಗೆ 50 ಸೈಕಲ್, ಅದನ್ನು 120ರಿಂದ ಗುಣಿಸಿ ಪೋಲಿನ ಸಂಖ್ಯೆಯಿಂದ ಭಾಗಿಸಿದರೆ ನಿಮಿಷಕ್ಕೆ 1500 ಸುತ್ತು.

ಅದೇ ಹುಡುಗಿ ಮೋಟಾರಿನ ಮೈಮೇಲಿದ್ದ ಪ್ಲೇಟಿನ ಎಣ್ಣೆ ಕೊಳೆಯನ್ನು ಕೈಯಲ್ಲೇ ಒರೆಸಿ ಓದಿದಳು. "ಅಂಕಲ್, ಇಲ್ಲಿ 1440 ಅಂತ ಇದೆ. ಆ ಅರವತ್ತು ಎಲ್ಲಿ ಹೋಯ್ತು?"

ನನಗೆ ಒಂದು ಕ್ಷಣ ಮಾತೇ ಬರಲಿಲ್ಲ. ನಾನು ಎಸ್‌ಎಸ್‌ಎಲ್‌ಸಿ ಆದ ಮೇಲೆ ಎರಡು ವರ್ಷ ಜೆಒಸಿ ಎಂಬ ವೃತ್ತಿ ಕೋರ್ಸ್ ಓದಿದವನು, ಆಮೇಲೆ ನನ್ನ ಗುರುಗಳ ಅಂಗಡಿಯಲ್ಲಿ ಆರು ವರ್ಷ ದುಡಿದವನು. 1440 ಅಂದರೆ ನಾಲ್ಕು ಪೋಲು ಅಂತ ಬಾಯಿಪಾಠ ಮಾಡಿಕೊಂಡಿದ್ದೆ. ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳಬೇಕು ಅಂತ ನನಗೆ ಎಷ್ಟೋ ವರ್ಷ ಹೊಳೆದೇ ಇರಲಿಲ್ಲ. ಸುತ್ತುತ್ತಿರುವುದು ಕಾಯಿಲ್‌ಗಳು ಹುಟ್ಟಿಸುವ ಅಯಸ್ಕಾಂತ ಶಕ್ತಿ, ಅದು 1500. ಒಳಗೆ ತಿರುಗುವ ಭಾಗ, ಅಂದರೆ ರೋಟರು, ಅದನ್ನು ಬೆನ್ನಟ್ಟಿ ಓಡುತ್ತದೆ, ಆದರೆ ಪೂರ್ತಿ ಹಿಡಿದುಬಿಟ್ಟರೆ ಎಳೆತವೇ ಇರುವುದಿಲ್ಲ, ಹಾಗಾಗಿ ಯಾವಾಗಲೂ ಸ್ವಲ್ಪ ಹಿಂದೆಯೇ ಇರಬೇಕು, ಹೊರೆ ಜಾಸ್ತಿಯಾದಷ್ಟೂ ಇನ್ನಷ್ಟು ಹಿಂದೆ ಬೀಳುತ್ತದೆ. ಇದಕ್ಕೆ ಸ್ಲಿಪ್ ಅನ್ನುತ್ತೇವೆ ಎಂದು ಹೇಳಿದೆ. ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಸೋಮವಾರದ ಪಾಠಕ್ಕಂತೆ.

ಈಗ ನಾನು ಹೇಳಬೇಕಾದದ್ದು. ಕೈಕೆಲಸವನ್ನು ನಾವು ಓದು ತಲೆಗೆ ಹತ್ತದ ಮಕ್ಕಳ ಪಾಲಿಗೆ ಬಿಟ್ಟಿದ್ದೇವೆ. ತಿಂಗಳಿಗೆ ಒಬ್ಬರಾದರೂ ತಂದೆಯೋ ತಾಯಿಯೋ ಮಗನನ್ನು ಕರೆದುಕೊಂಡು ಬಂದು "ಇವನಿಗೆ ಓದು ಹತ್ತಲ್ಲ ಅಣ್ಣ, ನಿಮ್ಮ ಹತ್ರ ಇಟ್ಕೊಳ್ಳಿ" ಎನ್ನುತ್ತಾರೆ. ನನಗೆ ನೋವಾಗುತ್ತದೆ. ತಂತಿಯ ದಪ್ಪ, ಅಂದರೆ ಗೇಜ್, ಒಂದು ನಂಬರ್ ತಪ್ಪಿದರೆ, ಸುತ್ತಿನ ಲೆಕ್ಕ ತಪ್ಪಿದರೆ ನಾನು ಕಟ್ಟಿದ ಮೋಟಾರು ವಾರದಲ್ಲಿ ವಾಪಸ್ ಬರುತ್ತದೆ. ಇದು ಲೆಕ್ಕ ಬಾರದವರ ಕೆಲಸ ಅಲ್ಲವೇ ಅಲ್ಲ. ಇತ್ತ ನನ್ನ ಅಕ್ಕನ ಮಗ ವಿಜ್ಞಾನದಲ್ಲಿ ತೊಂಬತ್ತರ ಮೇಲೆ ತೆಗೆದವನು, ಓಮ್‌ನ ನಿಯಮ ಗಡಗಡ ಹೇಳುತ್ತಾನೆ, ಆದರೆ ಮಲ್ಟಿಮೀಟರ್ ಹಿಡಿದದ್ದು ನನ್ನ ಅಂಗಡಿಯಲ್ಲೇ ಮೊದಲು. ಅವನ ಶಾಲೆಯ ಲ್ಯಾಬಿಗೆ ವರ್ಷದ ಬಹುಪಾಲು ಬೀಗ. 2019ರಲ್ಲಿ ನಮ್ಮ ಹಾಸನ ಎಸ್‌ಎಸ್‌ಎಲ್‌ಸಿಯಲ್ಲಿ ಇಡೀ ರಾಜ್ಯಕ್ಕೆ ಮೊದಲು ಬಂದಾಗ ನಾನೂ ಬೀದಿಯಲ್ಲಿ ಸಿಹಿ ಹಂಚಿದವನೇ. ಆ ಹಟ ನಮ್ಮ ಮೇಷ್ಟ್ರುಗಳಲ್ಲಿದೆ, ಮಕ್ಕಳಲ್ಲೂ ಇದೆ. ಅದನ್ನೇ ಈ ಕಡೆಗೂ ತಿರುಗಿಸಿ ಎಂದು ಕೇಳುತ್ತಿದ್ದೇನೆ.

ಇದು ಹೊಸ ಮಾತೇನಲ್ಲ. 1937ರಲ್ಲೇ ವಾರ್ಧಾದಲ್ಲಿ ಗಾಂಧೀಜಿ ಕಸುಬಿನ ಮೂಲಕವೇ ಪಾಠ ಕಲಿಸಬೇಕು ಎಂದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರೆಗೆ ಹತ್ತು ದಿನ ಬ್ಯಾಗ್ ಇಲ್ಲದೆ ಊರಿನ ಕಸುಬುದಾರರ ಜೊತೆ ಕಲಿಯಬೇಕು ಎಂದಿತು. 19ರಿಂದ 24 ವಯಸ್ಸಿನ ದುಡಿಯುವವರಲ್ಲಿ ಕ್ರಮವಾದ ವೃತ್ತಿ ಶಿಕ್ಷಣ ಪಡೆದವರು ನಮ್ಮಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ, ಜರ್ಮನಿಯಲ್ಲಿ 75 ಎಂದು ಆ ನೀತಿಯೇ ಬರೆದುಕೊಂಡಿದೆ. ನಮ್ಮ ರಾಜ್ಯ ಅದು ಬೇಡ ಎಂದು ತನ್ನದೇ ನೀತಿಗೆ ಆಯೋಗ ಮಾಡಿತು. ಯಾವ ನೀತಿಯಾದರೂ ಸರಿ, ಈ ಹತ್ತು ದಿನ ಮಕ್ಕಳಿಗೆ ಸಿಗಲಿ. ನಾನು ಓದಿದ ಜೆಒಸಿ ಈಗ ಇಲ್ಲ. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದ ತೃತೀಯ ಭಾಷೆಯ ಬದಲು ಆಟೋಮೊಬೈಲ್, ಐಟಿ, ರಿಟೇಲ್ ಥರದ ವಿಷಯ ತೆಗೆದುಕೊಳ್ಳಬಹುದು, ಒಳ್ಳೆಯದೇ. ಆದರೆ ಅದನ್ನು ಆರಿಸಿಕೊಂಡವರಿಗೆ ಮಾತ್ರ ಕೈಕೆಲಸ, ಉಳಿದವರಿಗೆ ಪುಸ್ತಕ ಎಂದಾದರೆ ಮತ್ತೆ ಅದೇ ಕಥೆ.

ಒಂದು ವಿಷಯದಲ್ಲಿ ನನಗೂ ಭಯ ಇದೆ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ಮುಖ್ಯಮಂತ್ರಿ ರಾಜಾಜಿ ಒಂದು ಯೋಜನೆ ತಂದಿದ್ದರು: ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆಯವರ ಕಸುಬು. ಮಕ್ಕಳನ್ನು ಜಾತಿಯ ಕಸುಬಿಗೇ ಕಟ್ಟಿಹಾಕುತ್ತದೆ ಎಂದು ಜನ ಎದ್ದು ನಿಂತರು, ಮರುವರ್ಷ ಕಾಮರಾಜರು ಮುಖ್ಯಮಂತ್ರಿಯಾಗಿ ಬಂದ ಮೇಲೆ ಅದು ಹೋಯಿತು. ಹೋಗಬೇಕಾದ್ದೇ. ಕ್ಷೌರಿಕನ ಮಗ ಕತ್ತರಿ, ಕುಂಬಾರನ ಮಗಳು ಮಣ್ಣು, ಡಾಕ್ಟರ ಮಗ ಪುಸ್ತಕ ಹಿಡಿಯುವುದಾದರೆ ಇದು ಬೇಡವೇ ಬೇಡ. ಎಲ್ಲ ಮಕ್ಕಳೂ ಎಲ್ಲವನ್ನೂ ಮುಟ್ಟಬೇಕು. ಖಾಸಗಿ ಇಂಗ್ಲಿಷ್ ಮೀಡಿಯಂ ಮಕ್ಕಳೂ ಬರಬೇಕು, ಹೆಣ್ಣುಮಕ್ಕಳೂ ಸ್ಪ್ಯಾನರ್ ಹಿಡಿಯಬೇಕು, ಗಂಡುಮಕ್ಕಳೂ ಹೊಲಿಗೆ ಮಿಷಿನ್ ತುಳಿಯಬೇಕು.

ಇದಕ್ಕೆ ದೊಡ್ಡ ಕಟ್ಟಡ ಬೇಡ. ಸಕಲೇಶಪುರದ ಶಾಲೆಗೆ ಪಕ್ಕದ ತೋಟದ ಕಣವೇ ಲ್ಯಾಬು, ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಒಣಗುತ್ತಾ ದಿನಕ್ಕೆ ಎಷ್ಟು ತೂಕ ಇಳಿಯುತ್ತದೆ ಎಂದು ಮಕ್ಕಳೇ ಬರೆದಿಟ್ಟರೆ ಶೇಕಡಾವಾರು ಲೆಕ್ಕಕ್ಕೆ ಬೇರೆ ಪಾಠ ಬೇಕೇ? ಮರಗಸಿ ಮಾಡುವವರನ್ನು, ಅಂದರೆ ತೋಟದ ನೆರಳು ಮರದ ಕೊಂಬೆ ಸವರುವವರನ್ನು ಕೇಳಿದರೆ ನೆರಳು ಎಷ್ಟಿರಬೇಕು, ಯಾಕಿರಬೇಕು ಎಂದು ಹೇಳುತ್ತಾರೆ. ಬಾಳೆಹೊನ್ನೂರಿನ ಹತ್ತಿರ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ, ಚಿಕ್ಕಮಗಳೂರು ಜಿಲ್ಲೆಯ ಎಷ್ಟು ಶಾಲೆಯ ಮಕ್ಕಳು ಕಾಫಿ ಗಿಡವನ್ನು ಸೀಳಿ ಒಳಗಿನ ಕಾಂಡ ಕೊರಕ ಹುಳವನ್ನು ನೋಡಿದ್ದಾರೆ? ಹಾಸನದ ಸುತ್ತ ಆಲೂಗೆಡ್ಡೆ ಬಿತ್ತುವ ಹೊತ್ತಿಗೆ ಶಾಲೆ ಶುರುವಾಗುತ್ತದೆ, ಅಂಗಮಾರಿ ರೋಗ ಎಲೆಗೆ ಹೇಗೆ ಹತ್ತುತ್ತದೆ ಎಂಬುದನ್ನು ಹೊಲದ ಬದುವಿನಲ್ಲೇ ತೋರಿಸಬಹುದು.

ಮೇಷ್ಟ್ರುಗಳ ಕಷ್ಟ ನನಗೆ ಗೊತ್ತು. ಮಗುವಿನ ಬೆರಳಿಗೆ ಗಾಯವಾದರೆ ಕೇಳುವುದು ಅವರನ್ನೇ. ಹಾಗಾಗಿ ಇಲಾಖೆಯವರು ಬರೀ ಸುತ್ತೋಲೆ ಕಳಿಸದೆ ಯಾವ ಅಂಗಡಿ, ಯಾವ ತೋಟ ಸುರಕ್ಷಿತ ಎಂದು ನೋಡಿ ಪಟ್ಟಿ ಮಾಡಲಿ, ನಮ್ಮಂಥವರ ಆ ಎರಡು ಗಂಟೆಗೆ ಸ್ವಲ್ಪ ಗೌರವಧನ ಕೊಡಲಿ. ನನಗೆ ಬೇಡ, ಆದರೆ ದಿನಗೂಲಿ ಮಾಡುವ ಬಡಗಿಗೆ ಅರ್ಧ ದಿನ ಅಂದರೆ ಅರ್ಧ ದಿನದ ಊಟ.

ನನ್ನ ಅಂಗಡಿ ಮೂರನೇ ಶನಿವಾರ ಬೆಳಿಗ್ಗೆ ಯಾವ ಶಾಲೆಗಾದರೂ ತೆರೆದಿರುತ್ತದೆ. ಇಪ್ಪತ್ತು ಮಕ್ಕಳಿಗಿಂತ ಜಾಸ್ತಿ ಬೇಡ, ಜಾಗ ಸಾಲದು. ಕರೆಂಟಿಗೆ ಜೋಡಿಸಿದ ಯಾವುದನ್ನೂ ಮುಟ್ಟಲು ಬಿಡುವುದಿಲ್ಲ, ಜಡೆ ಕಟ್ಟಿಕೊಂಡು ಬರಲಿ, ಚಪ್ಪಲಿ ಬದಲು ಶೂ ಇರಲಿ. ಸುಟ್ಟ ಮೋಟಾರುಗಳು ನಮ್ಮಲ್ಲಿ ಯಾವತ್ತೂ ಇರುತ್ತವೆ. ಮುಂದಿನ ತಿಂಗಳು ಬರುವ ಮಕ್ಕಳಿಗೆ ಎರಡು ಪೋಲಿನ ಪಂಪ್ ಮೋಟಾರು ಎತ್ತಿಟ್ಟಿದ್ದೇನೆ, ಅದರ ಪ್ಲೇಟ್ ಮೇಲೆ 2880 ಅಂತ ಇದೆ.

ಇತಿ,
ಒಬ್ಬ ಮೋಟಾರ್ ವೈಂಡರ್, ಹಾಸನ