ಕಾರಿಗೆ ಕಾರು ತಾಗಿದಾಗ ನಡುರಸ್ತೆಯಲ್ಲಿ ಜಗಳಕ್ಕೆ ನಿಲ್ಲಬೇಡಿ

ಸಂಪಾದಕರೇ,

ಹೋದ ವಾರ ಕೆಂಪು ದೀಪ ಕಂಡು ನಿಧಾನ ಮಾಡುತ್ತಿದ್ದೆ, ಹಿಂದಿನಿಂದ ಬಂದ ಕಾರು ಗುದ್ದಿತು. ದೊಡ್ಡ ಪೆಟ್ಟೇನಲ್ಲ. ಬಂಪರ್ ಒಳಗೆ ಹೋಗಿ ಒಂದು ದೀಪ ಒಡೆದಿತ್ತು. ಸಿಟ್ಟಿನಲ್ಲಿ ಇಳಿದವನು ಸೀದಾ ಎರಡು ಕಾರುಗಳ ಮಧ್ಯೆ ಹೋಗಿ ನಿಂತೆ, ಅವರೂ ಇಳಿದು ಬಂದರು, ‘ಯಾಕೆ ಬ್ರೇಕ್ ಹಾಕಿದ್ರಿ’, ‘ಮುಂದೆ ನೋಡ್ಕೊಂಡು ಓಡ್ಸೋಕಾಗಲ್ವಾ’ ಅಂತ ಶುರುವಾಯಿತು. ಅಷ್ಟರಲ್ಲಿ ಲಾರಿಯೊಂದು ಕಿರ್ ಎಂದು ಬ್ರೇಕ್ ಹಾಕಿ ಅವರ ಕಾರಿನ ಹಿಂದೆ ಒಂದು ಮಾರು ದೂರದಲ್ಲಿ ನಿಂತಿತು. ಅದು ನಿಲ್ಲದಿದ್ದರೆ ನಮ್ಮಿಬ್ಬರ ಕಾಲೂ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತಿತ್ತು. ನೆನೆಸಿಕೊಂಡರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ. ಮೊದಲು ನಾಲ್ಕೂ ಇಂಡಿಕೇಟರ್ ಹಾಕಿ. ಕಾರಿನೊಳಗೆ ಇರುವವರನ್ನೂ ಎದುರಿನವರನ್ನೂ ‘ಪೆಟ್ಟಾಯಿತಾ’ ಎಂದು ಕೇಳಿ. ಪೆಟ್ಟಾಗಿದ್ದರೆ ಆಂಬುಲೆನ್ಸ್ ಮತ್ತು ಪೊಲೀಸರಿಗೆ ಫೋನ್ ಮಾಡಿ. ಯಾರಿಗೂ ಏನೂ ಆಗಿಲ್ಲ, ಗಾಡಿಯೂ ಓಡುತ್ತದೆ ಎಂದರೆ ಬದಿಗೆ ಹಾಕಿ, ವಾಹನಗಳು ಓಡಾಡದ ಕಡೆಯ ಬಾಗಿಲಿನಿಂದ ಇಳಿಯಿರಿ. ಸರಿಸುವ ಮುಂಚೆ ಫೋಟೊ ಬೇಕು ನಿಜ, ಆದರೆ ವೇಗವಾಗಿ ಗಾಡಿ ಓಡುವ ರಸ್ತೆಯಲ್ಲಿ ಅದಕ್ಕಾಗಿ ನಿಲ್ಲಬೇಡಿ.

ಫೋಟೊ ವಿಷಯದಲ್ಲಿ ನಾನೂ ತಪ್ಪು ಮಾಡಿದೆ. ನೆಗ್ಗಿದ ಜಾಗವನ್ನೇ ಹತ್ತಿರದಿಂದ ಹತ್ತು ಸಲ ತೆಗೆದೆ. ಆದರೆ ಎರಡೂ ಕಾರು, ನಂಬರ್ ಪ್ಲೇಟು, ರಸ್ತೆಯ ಗೆರೆ ಎಲ್ಲ ಒಟ್ಟಿಗೆ ಕಾಣುವಂಥ ಒಂದೇ ಒಂದು ಫೋಟೊ ಇರಲಿಲ್ಲ. ಯಾರು ಎಲ್ಲಿದ್ದರು ಎಂಬುದು ಗೊತ್ತಾಗುವುದು ಅದರಲ್ಲೇ ಅಲ್ವಾ? ಡ್ಯಾಶ್‌ಕ್ಯಾಮ್, ಅಂದರೆ ಕಾರಿನ ಮುಂಭಾಗದಲ್ಲಿ ರಸ್ತೆಯ ವಿಡಿಯೊ ತೆಗೆಯುವ ಕ್ಯಾಮೆರಾ, ಇದ್ದವರು ಅವತ್ತೇ ವಿಡಿಯೊ ಬೇರೆ ಕಡೆ ಉಳಿಸಿಕೊಳ್ಳಿ, ಇಲ್ಲದಿದ್ದರೆ ಹಳೆಯದರ ಮೇಲೆ ಹೊಸದು ಕೂತುಬಿಡುತ್ತದೆ.

ಹೆಸರು, ಫೋನ್ ನಂಬರ್, ವಿಮೆ ವಿವರ ಇಬ್ಬರೂ ಬರೆದುಕೊಳ್ಳಿ. ‘ಎಲ್ಲಾ ನಂದೇ ತಪ್ಪು’ ಎಂದು ಅಲ್ಲೇ ಬರೆದುಕೊಡಬೇಡಿ. ಸ್ವಲ್ಪ ದುಡ್ಡು ಇಸ್ಕೊಂಡು ಮುಗಿಸೋಣ ಅನ್ನುವುದೂ ಬೇಡ. ಬಂಪರ್ ಹಿಂದೆ ಸೆನ್ಸರ್, ಕ್ಲಿಪ್ಪು, ಬ್ರಾಕೆಟ್ಟು ಏನೇನೋ ಇರುತ್ತವೆ, ಮುರಿದದ್ದು ಬಿಚ್ಚಿ ನೋಡಿದಾಗಲೇ ಗೊತ್ತಾಗುವುದು. ರಿಪೇರಿಗೆ ಕೊಡುವ ಮುಂಚೆಯೇ ವಿಮೆಯವರಿಗೆ ತಿಳಿಸಿ. ಹೊರಡುವ ಮುಂಚೆ ಕಾರಿನ ಕೆಳಗೆ ಬಗ್ಗಿ ನೋಡಿ. ಹಸಿರು ಅಥವಾ ಗುಲಾಬಿ ಬಣ್ಣದ ನೀರು ಸೋರುತ್ತಿದ್ದರೆ ಅದು ಇಂಜಿನ್ ತಣ್ಣಗಿಡುವ ಕೂಲೆಂಟ್, ಓಡಿಸಿದರೆ ಇಂಜಿನ್ ಕೆಡುತ್ತದೆ.

ಇನ್ನೊಂದು ಮುಖ್ಯ ಮಾತು. ಅವತ್ತು ‘ನನಗೇನೂ ಆಗಿಲ್ಲ’ ಎಂದು ಎಲ್ಲರಿಗೂ ಹೇಳಿದ್ದೆ. ಮರುದಿನ ಬೆಳಿಗ್ಗೆ ಕುತ್ತಿಗೆ ತಿರುಗಿಸಲು ಆಗಲಿಲ್ಲ. ಗಾಬರಿಯಲ್ಲಿ ದೇಹಕ್ಕೆ ನೋವು ಗೊತ್ತಾಗುವುದಿಲ್ಲ, ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳಬಹುದು. ತಲೆನೋವು ಜಾಸ್ತಿಯಾದರೆ, ವಾಂತಿ ಬಂದರೆ, ಕೈ ಜೋಮು ಹಿಡಿದರೆ ಸುಮ್ನೆ ಮಲಗದೆ ತಕ್ಷಣ ಡಾಕ್ಟರ್ ಹತ್ತಿರ ಹೋಗಿ.

ಡ್ರೈವಿಂಗ್ ಕಲಿಯುವಾಗ ರಿವರ್ಸ್ ಹೇಳಿಕೊಟ್ಟರು, ಪಾರ್ಕಿಂಗ್ ಹೇಳಿಕೊಟ್ಟರು, ಇದನ್ನು ಮಾತ್ರ ನನಗೆ ಯಾರೂ ಹೇಳಿಕೊಡಲಿಲ್ಲ. ಹೊಸ ಕಾರುಗಳ ಮೈಲೇಜ್ ಬಗ್ಗೆ ಬರೆಯುವ ಪುಟದಲ್ಲಿ ದಯವಿಟ್ಟು ಇದಕ್ಕೂ ಒಂದಿಷ್ಟು ಜಾಗ ಕೊಡಿ.

ಇಂತಿ,
ನಿಮ್ಮ ಓದುಗ