ತುಪ್ಪದ ಹೊಸ ಬೆಲೆ, ನಿಂತುಹೋಗುವ ಮೇವಿನ ದೇಣಿಗೆ

ಆತ್ಮೀಯ ಗ್ರಾಹಕರೇ,

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಸಂಘದ ಅರ್ಧ ಕೆ.ಜಿ. ತುಪ್ಪದ ಬೆಲೆ 480ರಿಂದ 500 ರೂಪಾಯಿ ಆಗುತ್ತದೆ. ಆರ್ಡರ್ ಜೊತೆಗೆ ನೀವು ಪ್ರೀತಿಯಿಂದ ಸೇರಿಸುತ್ತಿದ್ದ ಮೇವಿನ ದೇಣಿಗೆಯನ್ನು ಅಂದಿನಿಂದ ತೆಗೆದುಕೊಳ್ಳುವುದಿಲ್ಲ. ಕೊಡುವ ಕೈಯನ್ನು ತಡೆದು ಬೆಲೆ ಏರಿಸುವುದು ಯಾವ ನ್ಯಾಯ ಎಂದು ನೀವು ಕೇಳಬಹುದು, ಕೇಳಲೇಬೇಕು.

ನಮಗೆ ಈ ದಾರಿ ತೋರಿದ್ದು ವರ್ಗೀಸ್ ಕುರಿಯನ್ ಅವರ ಕೆಲಸ. ಕೋಯಿಕ್ಕೋಡಿನಲ್ಲಿ ಹುಟ್ಟಿದವರು, ಅಮೆರಿಕದ ಮಿಷಿಗನ್‌ನಲ್ಲಿ ಓದಿದ ಎಂಜಿನಿಯರ್. ಸರ್ಕಾರಿ ವಿದ್ಯಾರ್ಥಿವೇತನದ ಕರಾರು ತೀರಿಸಲು 1949ರಲ್ಲಿ ಗುಜರಾತಿನ ಆಣಂದಿಗೆ ಬಂದರು. ಖೇಡಾ ಜಿಲ್ಲೆಯ ಹಾಲು ಒಕ್ಕೂಟ ಕಟ್ಟಿದ್ದ ತ್ರಿಭುವನದಾಸ್ ಪಟೇಲರು ಅವರನ್ನು ಅಲ್ಲೇ ಉಳಿಸಿಕೊಂಡರು. ಆ ಒಕ್ಕೂಟವೇ ಅಮುಲ್ ಆದ ಕಥೆ ನಿಮಗೆ ಗೊತ್ತೇ ಇದೆ. ನಾವು ಮತ್ತೆ ಮತ್ತೆ ಮಾತಾಡಿಕೊಂಡದ್ದು 1970ರಲ್ಲಿ ಶುರುವಾದ, ದೇಶದಲ್ಲಿ ಹಾಲಿನ ಉತ್ಪಾದನೆ ಹೆಚ್ಚಿಸುವ ಯೋಜನೆಯಾದ ಆಪರೇಷನ್ ಫ್ಲಡ್ ಬಗ್ಗೆ.

ಯುರೋಪಿನಲ್ಲಿ ಆಗ ಹಾಲಿನ ಪುಡಿ, ಬೆಣ್ಣೆ ಖರ್ಚಾಗದೆ ರಾಶಿ ಬಿದ್ದಿತ್ತು. ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಪುಡಿ ಮತ್ತು ಬಟರ್ ಆಯಿಲ್ (ನೀರಿನಂಶ ತೆಗೆದ ಬೆಣ್ಣೆಯ ಕೊಬ್ಬು) ಭಾರತಕ್ಕೆ ದಾನವಾಗಿ ಬಂತು. ಅದನ್ನು ಪುಕ್ಕಟೆ ಹಂಚಿದ್ದರೆ ಹಳ್ಳಿಯ ಹಾಲನ್ನು ಕೇಳುವವರೇ ಇರುತ್ತಿರಲಿಲ್ಲ. ಕುರಿಯನ್ ಅಧ್ಯಕ್ಷರಾಗಿದ್ದ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಆ ಪುಡಿಯಿಂದ ಹಾಲು ಮಾಡಿಸಿ ದೊಡ್ಡ ನಗರಗಳಲ್ಲಿ ಮಾರಿಸಿತು. ಬಂದ ಹಣ ಹಾಲು ಸಂಗ್ರಹಣೆಗೆ, ಡೈರಿಗಳಿಗೆ, ಹಳ್ಳಿ ಸಂಘಗಳಿಗೆ ಹೋಯಿತು. ಪರದೇಶದ ದಾನ ನಮ್ಮ ರೈತರ ಬಂಡವಾಳವಾಯಿತು. ಊರಿನ ಸಂಘ, ಜಿಲ್ಲೆಯ ಒಕ್ಕೂಟ, ರಾಜ್ಯದ ಮಹಾಮಂಡಳ ಎಂಬ ಆಣಂದ್ ಮಾದರಿಯ ಮೇಲೆಯೇ ನಮ್ಮ ಕೆಎಂಎಫ್ ಕೂಡ ನಿಂತಿದೆ. ದಾನದ ವಿಷಯದಲ್ಲಿ ಇಷ್ಟು ದೂರ ಯೋಚಿಸಿದವರು ಅಪರೂಪ ಎಂದೇ ನಮ್ಮ ಭಾವನೆ.

ಪಟೇಲರದೂ ಅದೇ ಮನಸ್ಸು. ಅವರು ಅಧಿಕಾರ ಬಿಡುವಾಗ ಸದಸ್ಯರು ತಲೆಗೆ ಒಂದೊಂದು ರೂಪಾಯಿ ಹಾಕಿ ಸುಮಾರು 6 ಲಕ್ಷ ಕೊಟ್ಟರಂತೆ. ಆ ಹಣದಿಂದ ಹಳ್ಳಿಯ ತಾಯಂದಿರ, ಮಕ್ಕಳ ಆರೋಗ್ಯಕ್ಕೆಂದು ಪ್ರತಿಷ್ಠಾನ ಹುಟ್ಟಿತು.

ನಿಮ್ಮ ದೇಣಿಗೆಯಿಂದ ಬೇಸಿಗೆಯಲ್ಲಿ ಹಿಂಡಿ, ಬೂಸಾ ಹಂಚುತ್ತಿದ್ದೆವು. ಕಷ್ಟಕಾಲಕ್ಕೆ ಅದು ಒದಗಿದೆ, ಅದಕ್ಕೆ ನಾವು ಋಣಿಗಳು. ಆದರೆ ಮೂಟೆ ಖಾಲಿಯಾದ ಮೇಲೆ ಕೊಟ್ಟಿಗೆಯಲ್ಲಿ ಏನೂ ಉಳಿಯುವುದಿಲ್ಲ. ‘ಪುಕ್ಕಟೆ ಕೊಡಬೇಡಿ, ಸಾಲ ಕೊಡಿ, ತೀರಿಸುತ್ತೇವೆ’ ಎಂದು ಸಭೆಯಲ್ಲಿ ಹೇಳಿದವರು ಹಾಲು ಹಾಕುವ ಹೆಂಗಸರೇ. ಇನ್ನು ಮೇಲೆ ಪ್ರತಿ ಅರ್ಧ ಕೆ.ಜಿ.ಯ ಆ 20 ರೂಪಾಯಿ ಬೇರೆ ಖಾತೆಗೆ ಹೋಗುತ್ತದೆ. ಅದರಿಂದ ರಾಸು ಕೊಳ್ಳಲು, ಮೇವು ಕತ್ತರಿಸುವ ಯಂತ್ರಕ್ಕೆ ಬಡ್ಡಿಯಿಲ್ಲದ ಸಾಲ ಕೊಡುತ್ತೇವೆ. ಹಾಲಿನ ಹಣದ ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪ ಹಿಡಿದುಕೊಳ್ಳುತ್ತೇವೆ. ಹಸು ಬತ್ತಿದ ತಿಂಗಳುಗಳಲ್ಲಿ ಕಂತು ಇರುವುದಿಲ್ಲ. ತೀರಿದ ಹಣ ಇನ್ನೊಬ್ಬರ ಕೊಟ್ಟಿಗೆಗೆ.

ಕಾಲು ಕೆ.ಜಿ. ತುಪ್ಪದ ಬೆಲೆ ಮೊದಲಿನಷ್ಟೇ. ಉಳಿದಿರುವ ದೇಣಿಗೆಯನ್ನೂ ಇದೇ ಖಾತೆಗೆ ಸೇರಿಸುತ್ತೇವೆ. ಒಪ್ಪಿಗೆ ಇಲ್ಲದವರು ಈ ತಿಂಗಳ 25ರೊಳಗೆ ತಿಳಿಸಿದರೆ ನಿಮ್ಮ ಪಾಲು ವಾಪಸ್ ಕಳಿಸುತ್ತೇವೆ. ಖಾತೆಯ ಲೆಕ್ಕ ಮೂರು ತಿಂಗಳಿಗೊಮ್ಮೆ ತುಪ್ಪದ ಡಬ್ಬಿಯ ಜೊತೆಗೇ ಬರುತ್ತದೆ. ಹಬ್ಬಕ್ಕೆಂದು ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ಬೆಲೆಯೇ.

ಇಂತಿ,
ಸಂಘದ ಆಡಳಿತ ಮಂಡಳಿ ಮತ್ತು ಸದಸ್ಯರು