ಅಗೆದ ಮಣ್ಣು ಎತ್ತದೆ ದೂಳು ಅಡಗದು

ಮಾನ್ಯ ಸಂಪಾದಕರೆ,

ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ದಾವಣಗೆರೆ, ಕಲಬುರಗಿಗಳ ಜೊತೆಗೆ ಹುಬ್ಬಳ್ಳಿ-ಧಾರವಾಡವೂ ಇದೆ. ಗಾಳಿಯ ಗುಣಮಟ್ಟ ನಿಗದಿತ ಮಿತಿಯೊಳಗೆ ಇರದ ನಗರಗಳ ಪಟ್ಟಿ ಅದು. ಅಂದಿನಿಂದ ರಸ್ತೆ ಗುಡಿಸುವ ಯಂತ್ರಗಳ, ನೀರು ಸಿಂಪಡಿಸುವ ವಾಹನಗಳ ಮಾತು ಸಾಕಷ್ಟು ಕೇಳಿಬಂದಿದೆ. ಆದರೆ ಗುಡಿಸಿದ ಮರುದಿನವೇ ಅದೇ ರಸ್ತೆಗೆ ಅಷ್ಟೇ ದೂಳು ಹೇಗೆ ಬರುತ್ತದೆ ಎಂದು ಯಾರೂ ಗಂಭೀರವಾಗಿ ಕೇಳಿಕೊಂಡಂತೆ ಕಾಣುವುದಿಲ್ಲ.

ಹುಬ್ಬಳ್ಳಿಯ ಸುತ್ತ ಬಹುಪಾಲು ಎರೆ ಮಣ್ಣಿನ ನೆಲ. ಕುಡಿಯುವ ನೀರಿನ ಕೊಳವೆಗೆ, ಒಳಚರಂಡಿಗೆ, ಕೇಬಲ್‌ಗೆ, ಗ್ಯಾಸ್ ಪೈಪಿಗೆ ಎಂದು ಒಂದೊಂದು ಇಲಾಖೆ ಒಂದೊಂದು ಕಾಲಕ್ಕೆ ರಸ್ತೆ ಅಗೆದು, ಮೇಲೆ ಬಂದ ಮಣ್ಣನ್ನು ಪಕ್ಕದಲ್ಲೇ ಗುಡ್ಡೆ ಹಾಕಿ ಹೋಗುತ್ತದೆ. ಮಳೆ ಬಿದ್ದಾಗ ಈ ಮಣ್ಣು ಜಿಗುಟು ರಾಡಿಯಾಗಿ ಗಾಲಿಗಳಿಗೆ ಅಂಟಿಕೊಂಡು ಡಾಂಬರಿನ ಉದ್ದಕ್ಕೂ ಹರಡುತ್ತದೆ. ಬಿಸಿಲಿಗೆ ಒಣಗಿ, ಬಸ್ಸು-ಲಾರಿಗಳ ಕೆಳಗೆ ಅರೆದು, ಹಿಟ್ಟಿನಷ್ಟು ನುಣುಪಾಗಿ ಮೇಲೇಳುತ್ತದೆ. ಚೆನ್ನಮ್ಮ ವೃತ್ತದಲ್ಲಿ ಮೇಲ್ಸೇತುವೆ ಕಾಮಗಾರಿ ನಡೆದ ಕಾಲದಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಣ್ಣಿನ ಗುಡ್ಡೆಯನ್ನು ಹಾಗೆಯೇ ಬಿಟ್ಟು ಯಂತ್ರದಿಂದ ರಸ್ತೆ ಗುಡಿಸುವುದು ಹಣಕ್ಕೂ ದಂಡ, ಶ್ರಮಕ್ಕೂ ದಂಡ.

ಗಾಳಿಯ ಗುಣಮಟ್ಟದ ಸೂಚ್ಯಂಕ ‘ಸಮಾಧಾನಕರ’ ಎಂದು ತೋರಿಸುತ್ತಿದೆಯಲ್ಲ ಎಂಬ ಉತ್ತರ ಅಧಿಕಾರಿಗಳಿಂದ ಬರಬಹುದು. ಆದರೆ ದೇಶಪಾಂಡೆ ನಗರದ ಮಾಪನ ಕೇಂದ್ರ ಹೇಳುವುದು ಆ ಜಾಗದ ಗಾಳಿಯ 24 ಗಂಟೆಗಳ ಸರಾಸರಿಯನ್ನು. ದಿನವಿಡೀ ಸಿಗ್ನಲ್ ಬಳಿ ನಿಲ್ಲುವ ಸಂಚಾರ ಪೊಲೀಸರು, ಆಟೊ ಚಾಲಕರು, ದುರ್ಗದ ಬೈಲಿನ ಮಾರುಕಟ್ಟೆಯಲ್ಲಿ ತಳ್ಳುಗಾಡಿ ಇಟ್ಟ ವ್ಯಾಪಾರಿಗಳು, ಬೆಳಗಿನ ಜಾವ ಒಣ ರಸ್ತೆಯನ್ನು ಪೊರಕೆಯಿಂದ ಗುಡಿಸುವ ಪೌರಕಾರ್ಮಿಕರು ಉಸಿರಾಡುವ ಗಾಳಿ ಆ ಸರಾಸರಿಯಲ್ಲಿ ಕಾಣುವುದಿಲ್ಲ. ಅಲ್ಲದೆ, 10 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ವರೆಗಿನ ಗಾತ್ರದ ಕಣಗಳಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು ಕೇವಲ 15. ನಮ್ಮ ಮಿತಿಯೊಳಗೆ ಇದ್ದ ಮಾತ್ರಕ್ಕೆ ಆರೋಗ್ಯಕ್ಕೆ ಧಕ್ಕೆಯಿಲ್ಲ ಎಂದು ತಿಳಿಯುವಂತಿಲ್ಲ.

ದೂಳೆಂದರೆ ಕೆಮ್ಮು, ನೆಗಡಿ, ಹೆಚ್ಚೆಂದರೆ ದಮ್ಮು ಎಂಬ ಉದಾಸೀನವೂ ನಮ್ಮಲ್ಲಿದೆ. ದಪ್ಪ ಕಣಗಳು ಮೂಗು, ಗಂಟಲು, ಶ್ವಾಸನಾಳಗಳನ್ನು ಕೆರಳಿಸಿ ಅಸ್ತಮಾ ಇದ್ದವರನ್ನು ಹೈರಾಣಾಗಿಸುತ್ತವೆ. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ಅವುಗಳಲ್ಲಿ ಅತಿ ಸೂಕ್ಷ್ಮವಾದವು ರಕ್ತವನ್ನೂ ಸೇರುತ್ತವೆ. ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಹೆಚ್ಚುವುದು ಇವುಗಳಿಂದ. ಈ ಸಣ್ಣ ಕಣಗಳು ಹೆಚ್ಚಾಗಿ ಹುಟ್ಟುವುದು ವಾಹನಗಳ ಹೊಗೆಯಲ್ಲಿ ಮತ್ತು ಕಸ ಸುಡುವ ಬೆಂಕಿಯಲ್ಲಿ. ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ. ಆದರೂ ಗುಡಿಸಿದ ಎಲೆ, ಪ್ಲಾಸ್ಟಿಕ್ಕನ್ನು ರಸ್ತೆ ಬದಿಯಲ್ಲೇ ಒಟ್ಟಿ ಬೆಂಕಿ ಹಚ್ಚುವುದು ನಿಂತಿಲ್ಲ. ಇದರಲ್ಲಿ ನಮ್ಮ ಬಡಾವಣೆಗಳ ನಿವಾಸಿಗಳ ಪಾಲೂ ಸಣ್ಣದಲ್ಲ.

ಹೊಸ ಯಂತ್ರಗಳನ್ನು ಕೊಳ್ಳುವ ಮೊದಲು ಮಹಾನಗರ ಪಾಲಿಕೆ ರಸ್ತೆ ಅಗೆಯುವ ಅನುಮತಿ ಪತ್ರಕ್ಕೆ ಒಂದು ಷರತ್ತು ಸೇರಿಸಲಿ. ಅಗೆದ ಮಣ್ಣನ್ನು ನಿಗದಿತ ದಿನದೊಳಗೆ ಸಾಗಿಸಿ, ಗುಂಡಿ ಮುಚ್ಚಿ, ಮೇಲ್ಮೈಗೆ ಡಾಂಬರು ಹಾಕಿದ ಮೇಲೆಯೇ ಗುತ್ತಿಗೆದಾರರಿಗೆ ಕೊನೆಯ ಕಂತಿನ ಬಿಲ್ ಪಾವತಿಯಾಗಬೇಕು; ಅಗೆಯುವವರು ಸರ್ಕಾರದ ಇಲಾಖೆಯವರೇ ಆದರೂ ವಿನಾಯಿತಿ ಬೇಡ. ಪೌರಕಾರ್ಮಿಕರಿಗೆ ದೂಳು ತಡೆಯುವ ಗುಣಮಟ್ಟದ ಮಾಸ್ಕ್ ಕೊಡಬೇಕು ಮತ್ತು ವರ್ಷಕ್ಕೊಮ್ಮೆ ಶ್ವಾಸಕೋಶದ ತಪಾಸಣೆ ಮಾಡಿಸಬೇಕು. ಮುಂದಿನ ಬೇಸಿಗೆಗೆ ಮುನ್ನ ಪಾಲಿಕೆಯ ಸಾಮಾನ್ಯ ಸಭೆ ಈ ವಿಷಯವನ್ನು ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ.

– ಓರ್ವ ನಾಗರಿಕ, ವಿದ್ಯಾನಗರ, ಹುಬ್ಬಳ್ಳಿ